ಅಕ್ಕನಿಗಾಗಿ ಕೊರೆದ ಕಿಂಡಿ

ಪಿಕಪ್ ಗಾಡಿಯ ಹಿಂಬದಿಯ ತೊಟ್ಟಿಗೆ ಗಾಜಿನ ಕಿಟಕಿಗಳಿರುವ ಗೂಡಿನಂಥ ಟಾಪು ಕೂರಿಸಿದ ಮೇಲೆ ಅದರೊಳಗೆ ನೀರೂ ಧೂಳೂ ನುಗ್ಗದಂತೆ ಬಂದೋಬಸ್ತು ಮಾಡುವುದು ಅಂಟಣ್ಣನ ಕಸುಬು. ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಅದೊಂದನ್ನೇ ಮಾಡಿಕೊಂಡು ಬಂದಿದ್ದ. ಹೆತ್ತವರು ಇಟ್ಟ ಹೆಸರು ಯಾವತ್ತೋ ಮರೆತುಹೋಗಿತ್ತು. ಬೆರಳ ಸಂದಿಯಲ್ಲಿ ಸದಾ ಬಿರುಕು ಮುಚ್ಚುವ ಕಪ್ಪು ಸೀಲೆಂಟು ಮೆತ್ತಿಕೊಂಡಿರುತ್ತಿದ್ದುದರಿಂದ ಜನ ಅಂಟಣ್ಣ ಎಂದರು, ಅದೇ ಉಳಿಯಿತು. ಬೇರೆಯವರು ಕೈ ಕೊಟ್ಟು ಓಡಿಹೋಗುತ್ತಾರೆ, ಇವನು ಕೈ ಕೊಟ್ಟರೂ ಬಿಟ್ಟುಹೋಗಲು ಆಗುವುದಿಲ್ಲ ಎಂದು ಟೈರ್ ಅಂಗಡಿಯವನು ಬಂದವರನ್ನೆಲ್ಲ ನಗಿಸುತ್ತಿದ್ದ.

ನಗದವನೆಂದರೆ ಅಂಟಣ್ಣ ಒಬ್ಬನೇ. ಕೆಲಸದ ವಿಷಯದಲ್ಲಿ ಅವನಿಗೆ ತಮಾಷೆ ಹಿಡಿಸುತ್ತಿರಲಿಲ್ಲ. ತೊಟ್ಟಿಯ ಅಂಚಿಗೂ ಟಾಪಿಗೂ ನಡುವೆ ಸ್ಪಂಜಿನ ಪಟ್ಟಿ ಕೂರಿಸಿ, ಮೂಲೆಗಳಿಗೆ ಸೀಲೆಂಟು ತುಂಬಿ, ಹಿಂಬಾಗಿಲ ಸುತ್ತ ರಬ್ಬರಿನ ಬೀಡಿಂಗು ಒತ್ತಿದ ಮೇಲೆ ತಾನೇ ಒಳಗೆ ಹೋಗುತ್ತಿದ್ದ. ಗಾಜುಗಳಿಗೆ ಕಂಬಳಿ ಮುಚ್ಚಿಸಿ, ಬಾಗಿಲು ಹಾಕಿಸಿಕೊಂಡು, ಅಂಗಾತ ಮಲಗುತ್ತಿದ್ದ. ಹೊರಗೆ ನಡುಮಧ್ಯಾಹ್ನದ ಬಿಸಿಲು. ಒಳಗಿನ ಕತ್ತಲೆಗೆ ಕಣ್ಣು ಹೊಂದಿಕೊಂಡಾಗ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ಸೀಮೆಸುಣ್ಣದ ಗುರುತು ಬೀಳುತ್ತಿತ್ತು. ಗಿರಾಕಿ ಎಷ್ಟೇ ಅವಸರ ಮಾಡಲಿ, ಆ ಗುರುತುಗಳೆಲ್ಲ ಮುಚ್ಚುವವರೆಗೆ ಗಾಡಿ ಶೆಡ್ಡು ಬಿಟ್ಟು ಕದಲುತ್ತಿರಲಿಲ್ಲ.

ಅವನನ್ನು ಸಾಕಿದವಳು ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಐದು, ಅವಳಿಗೆ ಹದಿನಾಲ್ಕು. ಅಪ್ಪ ಇದ್ದೂ ಇಲ್ಲದಂತಿದ್ದ. ಅಕ್ಕ ಕಲ್ಲು ಒಡೆಯುವ ಕ್ರಷರಿಗೆ ಸೇರಿದಳು. ಇಪ್ಪತ್ತೆರಡು ವರ್ಷ ಅಲ್ಲಿ ಜಲ್ಲಿ ತುಂಬಿದಳು. ತಮ್ಮನನ್ನು ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಬಿಟ್ಟಳು. ಸಂಜೆ ಅವಳು ಹೊಸ್ತಿಲ ಹೊರಗೆ ನಿಂತು ಸೆರಗು ಕೊಡವುತ್ತಿದ್ದಾಗ ಅವಳ ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲವೂ ಬೆಳ್ಳಗಿರುತ್ತಿದ್ದವು. ಅಕ್ಕ ದಿನಾ ಸಂಜೆ ಮುದುಕಿಯಾಗಿ, ಸ್ನಾನ ಮಾಡಿದ ಮೇಲೆ ಮತ್ತೆ ಹುಡುಗಿಯಾಗುತ್ತಾಳೆ ಎಂದು ಚಿಕ್ಕಂದಿನಲ್ಲಿ ಅವನು ನಿಜವಾಗಿಯೂ ನಂಬಿದ್ದ.

ಈಗ ಅವಳಿಗೆ ಅರವತ್ತೇಳು. ಮೈಮೇಲಿನ ಧೂಳು ಸ್ನಾನದಲ್ಲಿ ಹೋಗಿತ್ತು, ಎದೆಯೊಳಗಿನದು ಹೋಗಿರಲಿಲ್ಲ. ಶ್ವಾಸಕೋಶ ಕಲ್ಲಿನಂತೆ ಗಟ್ಟಿಯಾಗುತ್ತ ಬಂದಿದೆ, ಗುಣವಾಗುವ ಕಾಯಿಲೆಯಲ್ಲ, ವಾರಕ್ಕೆರಡು ಸಲ ಕರೆತಂದರೆ ಉಸಿರಾಟ ಕೊಂಚ ಹಗುರ ಮಾಡಿಕೊಡಬಹುದು ಎಂದು ಡಾಕ್ಟರಮ್ಮ ಹೇಳಿದರು. ಆಸ್ಪತ್ರೆಗೆ ಹದಿನೆಂಟು ಕಿಲೋಮೀಟರು ಮಣ್ಣುರಸ್ತೆ, ಮುಂದೆ ಮುಂದೆ ಕಲ್ಲಿನ ಲಾರಿಗಳು. ಆಂಬುಲೆನ್ಸ್ ಇದ್ದದ್ದು ಒಂದೇ. ಅದು ವಾರಕ್ಕೆರಡು ಸಲ ಅಷ್ಟು ದೂರ ಬರುವಂತಿರಲಿಲ್ಲ. ಸೀಟಿನಲ್ಲಿ ಕೂರುವ ತ್ರಾಣ ಅಕ್ಕನಿಗಿರಲಿಲ್ಲ. ಶಾಲೆಯ ವ್ಯಾನು ಓಡಿಸುತ್ತಿದ್ದ ಅವಳ ಮಗಳೇ ಕೊನೆಗೆ ದಾರಿ ತೋರಿಸಿದಳು. ಮಾವ, ನಿಮ್ಮ ಪಿಕಪ್ಪಿಗೇ ಟಾಪು ಹಾಕಿ ಒಳಗೆ ಹಾಸಿಗೆ ಹಾಸೋಣ, ಗಾಡಿ ನಾನು ಓಡಿಸುತ್ತೇನೆ ಎಂದಳು.

ಇದು ನನ್ನ ಕೆಲಸ ತಾನೇ ಎಂದು ಅಂಟಣ್ಣ ಮೂರು ದಿನ ಟೊಂಕ ಕಟ್ಟಿ ನಿಂತ. ಆದರೆ ಅಕ್ಕನನ್ನು ಹತ್ತಿಸುವ ಮೊದಲು ಪರೀಕ್ಷೆಯಾಗಬೇಕೆಂದ. ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡುಗಳನ್ನು ಒಳಗೆ ಆರು ಕಡೆ ಅಂಟಿಸಿ, ಆಸ್ಪತ್ರೆಯ ಗೇಟಿನವರೆಗೆ ಹೋಗಿಬಂದರು. ಹಿಂಬಾಗಿಲು ತೆಗೆದರೆ ಬಟ್ಟೆಗಳೆಲ್ಲ ಕಂದುಬಣ್ಣ. ದಿಂಬಿನ ಮೇಲೆ ಹಿಟ್ಟು ಜರಡಿ ಹಿಡಿದಂತೆ ಧೂಳು ಕೂತಿತ್ತು.

ಬಾಗಿಲ ಕೀಲಿನ ಸಂದು ಮುಚ್ಚಿದ. ನೀರು ಹರಿದುಹೋಗುವ ತೂತುಗಳಿಗೆ ಬಿರಡೆ ಹಾಕಿದ. ದೀಪದ ವೈರು ಹಾಯುವ ಕಡೆ ಸೀಲೆಂಟು ತುಂಬಿದ. ಪೈಪು ಹಿಡಿದು ಅರ್ಧ ಗಂಟೆ ನೀರು ಬಿಟ್ಟರೆ ಒಳಗೆ ಒಂದು ಹನಿಯಿಲ್ಲ, ಕತ್ತಲಲ್ಲಿ ಮಲಗಿ ನೋಡಿದರೆ ಬೆಳಕಿನ ಸುಳಿವಿಲ್ಲ. ಆದರೂ ಎರಡನೆಯ ಸಲ ಧೂಳು ಬಂತು, ಮೂರನೆಯ ಸಲವೂ ಬಂತು. ಹಿಂದೆ ಬ್ರೆಡ್ ಸಾಗಿಸುವವನೊಬ್ಬ ಇದೇ ದೂರು ತಂದಿದ್ದ. ನಿಮ್ಮ ರಸ್ತೆಯ ತಪ್ಪಿಗೆ ನಾನೇನು ಮಾಡಲಿ ಎಂದು ಮುಖ ಮುರಿಯುವಂತೆ ಹೇಳಿ ಕಳಿಸಿದ್ದನ್ನು ನೆನೆದು ಅಂಟಣ್ಣನಿಗೆ ಕಿವಿ ಬಿಸಿಯಾಯಿತು.

ನಾಲ್ಕನೆಯ ಸಲ ತಾನೇ ಒಳಗೆ ಮಲಗಿ ಬಾಗಿಲು ಹಾಕಿಸಿಕೊಂಡ. ಕೈಯಲ್ಲಿ ಒಂದು ಟಾರ್ಚು. ಹಿಂಬಾಗಿಲ ಅಂಚಿನಲ್ಲಿ ಒಂದು ಎಳೆ ಉಣ್ಣೆದಾರ ಇಳಿಬಿಟ್ಟಿದ್ದ. ಗಾಡಿ ನಿಂತಿದ್ದಾಗ ದಾರ ನೆಟ್ಟಗೆ ತೂಗುತ್ತಿತ್ತು. ವೇಗ ಹೆಚ್ಚಿದಂತೆ ಅದು ಒಳಮುಖವಾಗಿ ಬಾಗಿತು. ಆಗ ಅವನಿಗೆ ತಿಳಿಯಿತು. ಓಡುವ ಗಾಡಿಯ ಬೆನ್ನ ಹಿಂದೆ ಧೂಳು ಸುರುಳಿಯಾಗಿ ಏಳುತ್ತದೆ. ಗಾಡಿ ಅದನ್ನು ಕಣ್ಣಿಗೆ ಕಾಣದ ಸಂದಿಯಿಂದಲೂ ಒಳಗೆ ಹೀರುತ್ತದೆ. ಬೇರೆ ದಾರಿಗಳನ್ನು ಮುಚ್ಚಿದಷ್ಟೂ ಉಳಿದ ಸಂದಿಯಲ್ಲಿ ಆ ಸೆಳೆತ ಜಾಸ್ತಿ. ಯೋಚಿಸುತ್ತಿದ್ದಂತೆ ಒಳಗಿನ ಧಗೆಗೆ ಮೈ ಬೆವೆತು ಉಸಿರು ಕಟ್ಟತೊಡಗಿತು. ಮುಂದಿನ ಗಾಜನ್ನು ಬಡಿದ.

ಸೋದರಸೊಸೆ ಗಾಡಿ ನಿಲ್ಲಿಸಿ ಓಡಿಬಂದು ಬಾಗಿಲು ತೆಗೆದಳು. ಅವನು ರಸ್ತೆಯ ಅಂಚಿನಲ್ಲಿ ಕೂತು ಏದುಸಿರು ಬಿಡುವುದನ್ನು ನೋಡುತ್ತ ಮೆಲ್ಲಗೆ ಕೇಳಿದಳು:

"ಮಾವ, ಹೀಗೆ ಎಲ್ಲಾ ಮುಚ್ಚಿಬಿಟ್ರೆ ಅಮ್ಮ ಉಸಿರಾಡೋದು ಎಲ್ಲಿಂದ?"

ಬೆಳಕಿನ ಚುಕ್ಕಿ ಹುಡುಕುವುದರಲ್ಲೇ ಮೂವತ್ತೊಂದು ವರ್ಷ ಕಳೆದಿದ್ದವನಿಗೆ ಒಳಗೆ ಮಲಗುವವಳಿಗೆ ಗಾಳಿ ಬೇಕೆಂಬುದು ಹೊಳೆದೇ ಇರಲಿಲ್ಲ.

ಮರುದಿನ ಟಾಪಿನ ಮುಂಭಾಗದಲ್ಲಿ, ಡ್ರೈವರನ ತಲೆಗಿಂತ ಎತ್ತರದಲ್ಲಿ, ಅಂಗೈಯಗಲದ ಕಿಂಡಿ ಕೊರೆಯಲು ಡ್ರಿಲ್ಲು ಹಿಡಿದ. ಗಟ್ಟಿಯಾಗಿದ್ದ ಟಾಪಿಗೆ ತೂತು ಮಾಡುವುದು ಅವನ ಜೀವಮಾನದಲ್ಲಿ ಅದೇ ಮೊದಲು. ಕೊರೆದ ಗೆರೆ ಸೊಟ್ಟಗಾಯಿತು. ಕಿಂಡಿಗೆ ಲಾರಿಯ ಏರ್ ಫಿಲ್ಟರು ಕೂರಿಸಿ, ಮುಂದಿನಿಂದ ಬೀಸುವ ಗಾಳಿ ಸೋಸಿಕೊಂಡು ಒಳಗೆ ಬರುವಂತೆ ಮಾಡಿದ. ಗಾಡಿಯ ಹೊಗೆ ಒಳಗೆ ಬಾರದಂತೆ ಅದರ ಕೊಳವೆಯನ್ನು ಪಕ್ಕಕ್ಕೆ ತಿರುಗಿಸಿದ. ಮತ್ತೆ ಓಡಿಸಿ ನೋಡಿದರೆ ಈ ಸಲ ದಾರ ಹೊರಕ್ಕೆ ಬಾಗಿತು. ಒಳಗೆ ತುಂಬಿದ ಗಾಳಿಯೇ ಸಂದುಗಳಿಂದ ಹೊರಟು ಧೂಳನ್ನು ಆಚೆ ತಳ್ಳುತ್ತಿತ್ತು. ಬಟ್ಟೆಗಳು ಬೆಳ್ಳಗೇ ಉಳಿದವು. ಅವನು ಮೊದಲು ಹೋದದ್ದು ಬ್ರೆಡ್ಡಿನವನ ಮನೆಗೆ. ತಪ್ಪು ನನ್ನದಾಗಿತ್ತು, ಗಾಡಿ ತನ್ನಿ ಎಂದು ಹೇಳಿ ಬಂದ.

ಅಕ್ಕನನ್ನು ಚಾದರದ ಸಮೇತ ಎತ್ತಿ ಮಲಗಿಸಿದರು. ಪಕ್ಕದಲ್ಲಿ ಸಣ್ಣ ಸ್ಟೂಲಿನ ಮೇಲೆ ಅಂಟಣ್ಣ ಕೂತ. ಅರ್ಧ ದಾರಿ ಕಳೆದ ಮೇಲೆ ಅವಳು ತೊಟ್ಟಿಯ ಅಂಚಿನ ಮೇಲೆ ತೋರುಬೆರಳು ಎಳೆದು, ಬೆರಳನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಧೂಳೇ ಇಲ್ವಲ್ಲೋ."

"ಇಲ್ಲಕ್ಕ."

ಕ್ರಷರು ಬಂದಾಗ ಹೇಳು ಎಂದಳು. ಬೇಡವೆಂದರೂ ಕೇಳಲಿಲ್ಲ. ಅದು ಬಂದಾಗ ಅವನು ಅವಳ ತಲೆಯ ಹಿಂದೆ ಕೈಕೊಟ್ಟು ಎತ್ತಿ ಹಿಡಿದ. ಪಕ್ಕದ ಗಾಜಿನಾಚೆ ಜಲ್ಲಿಯ ಗುಡ್ಡೆ, ಅದರ ಬುಡದಲ್ಲಿ ಬೂದಿ ಬಳಿದುಕೊಂಡಂತೆ ನಿಂತ ನಾಲ್ಕಾರು ಹೆಂಗಸರು. ಅವರಲ್ಲಿ ಒಬ್ಬಳೂ ಮುಖಕ್ಕೆ ಬಟ್ಟೆ ಕಟ್ಟಿಲ್ಲವೆಂದು ಅಕ್ಕ ಗೊಣಗಿದಳು. ಎಷ್ಟೋ ವರ್ಷದಿಂದ ಕೇಳದೆ ಉಳಿಸಿಕೊಂಡಿದ್ದ ಮಾತು ಅವನ ಬಾಯಿಗೆ ಬಂತು.

"ನನ್ನಿಂದ ತಾನೇ ಅಕ್ಕ, ನಿಂಗೆ ಹೀಗಾಗಿದ್ದು?"

ಅವಳಿಗೆ ಉಸಿರು ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು.

"ಹುಚ್ಚಪ್ಪ. ನೀನು ಹುಟ್ಟದೇ ಇದ್ರೂ ನನ್ನ ಹೊಟ್ಟೆ ಕೇಳ್ತಿತ್ತಲ್ಲೋ. ಸುಮ್ನೆ ಎಲ್ಲಾ ನಿನ್ನ ತಲೆಗೆ ಕಟ್ಕೋಬೇಡ."

ಹಾಗೆ ಐದು ತಿಂಗಳು ನಡೆಯಿತು. ಕಾಯಿಲೆ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಆದರೆ ದಾರಿಯಲ್ಲಿ ಅವಳು ಕೆಮ್ಮುತ್ತಿರಲಿಲ್ಲ. ಕೆಲವು ದಿನ ಹೋಗುವಾಗಲೇ ನಿದ್ದೆ ಹೋಗುತ್ತಿದ್ದಳು. ಎಚ್ಚರವಿದ್ದ ದಿನ ತಮ್ಮನ ಅಡುಗೆಯನ್ನು ಆಡಿಕೊಳ್ಳುತ್ತಿದ್ದಳು. ಒಂದು ಮಂಗಳವಾರ ಮಧ್ಯಾಹ್ನ, ಆಸ್ಪತ್ರೆಯ ಹಾಸಿಗೆಯ ಮೇಲೆ, ಮಗಳು ನೀರು ತರಲು ಹೋಗಿದ್ದಾಗ ಅವಳ ಉಸಿರು ನಿಂತಿತು. ಅಂಟಣ್ಣ ಪಕ್ಕದಲ್ಲೇ ಇದ್ದ. ಮೊದಲು ನಿದ್ದೆಯೆಂದೇ ತಿಳಿದಿದ್ದ.

ಅದೇ ಗಾಡಿಯಲ್ಲಿ ಮನೆಗೆ ಕರೆತಂದರು. ಸೊಸೆ ಎಂದಿನಂತೆ ಹೊಂಡ ಬಂದಲ್ಲೆಲ್ಲ ವೇಗ ತಗ್ಗಿಸುತ್ತ, ತಾಯಿ ಕುಲುಕದಂತೆ ನೋಡಿಕೊಂಡು ಓಡಿಸಿದಳು. ಇನ್ನು ಹಾಗೆ ಓಡಿಸಬೇಕಾಗಿಲ್ಲ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅವಳಿಗೂ ಅದು ಗೊತ್ತಿದ್ದಿರಬೇಕು.

ಹದಿನೈದು ದಿನ ಶೆಡ್ಡು ತೆರೆಯಲಿಲ್ಲ. ಹಾಸಿಗೆ ತೆಗೆದುಹಾಕಲು ಎರಡು ಸಲ ಗಾಡಿಯ ಹತ್ತಿರ ಹೋಗಿ ಹಾಗೇ ವಾಪಸು ಬಂದ. ಮೂರನೆಯ ವಾರ ಕ್ರಷರಿನಿಂದ ಒಬ್ಬ ಹೆಂಗಸು ಬಂದಳು. ಗಂಡನಿಗೂ ಅದೇ ಕಾಯಿಲೆ, ಅದೇ ಆಸ್ಪತ್ರೆ ಎಂದಳು. ಗಾಡಿ ಕೇಳಲು ಬಂದವಳು ಕೇಳಲಾರದೆ ಬಾಗಿಲಲ್ಲೇ ನಿಂತಳು. ಅಂಟಣ್ಣ ಸೊಸೆಯ ಕಡೆ ನೋಡಿದ. ಅವಳು ಗಾಡಿಯ ಬೀಗದ ಕೈ ತರಲು ಒಳಗೆ ಹೋದಳು. ಅವನು ಹಾಸಿಗೆಗೆ ಒಗೆದ ಚಾದರ ಹಾಸಿದ. ಗಂಡಸಿನ ಎತ್ತರ ಎಷ್ಟು, ಒರಗಿ ಮಲಗುತ್ತಾನೋ ಅಂಗಾತವೋ ಎಂದು ಆ ಹೆಂಗಸನ್ನು ವಿಚಾರಿಸುತ್ತ ದಿಂಬುಗಳನ್ನು ಜೋಡಿಸತೊಡಗಿದ.