ಸೊಳ್ಳೆಪರದೆಯ ಘಾಟು

ಇವತ್ತು ಅಂಗಡಿಯವನು ಔಷಧಿ ಹಾಕಿದ ಸೊಳ್ಳೆಪರದೆಯೊಂದನ್ನು ಬಿಚ್ಚಿ ತೋರಿಸಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದ ಹಿಂದಿನ ನಮ್ಮ ಹಳೆಯ ಕಟ್ಟಡದ ಮಾಳಿಗೆಯ ಮೇಲಿದ್ದೆ.

ಮೇಲಿನ ಮನೆಯ ವಸಂತ ಕಾಕಾ, ನಳಿನಿ ಕಾಕು ನಮಗೆ ಸಂಬಂಧಿಕರೇನಲ್ಲ, ವಿಜಾಪುರ ಕಡೆಯವರು. ಗಂಡ ಹೆಂಡತಿ ಇಬ್ಬರೂ ಆಫ್ರಿಕಾದ ಮಲಾವಿಯಲ್ಲಿ ಹಳ್ಳಿಹಳ್ಳಿ ತಿರುಗಿ, ಮಲೇರಿಯಾದಿಂದ ಪಾರಾಗುವುದನ್ನು ಜನರಿಗೆ ಕಲಿಸುತ್ತಿದ್ದರು. ರಜೆಗೆ ಬಂದಾಗಲೂ ಬಕೆಟ್ಟಿನಲ್ಲಿ ಔಷಧಿ ಕಲಸಿ, ಪರದೆಗಳನ್ನು ಅದ್ದಿ ಒಣಗಿಸಿ, ಇಡೀ ಕಟ್ಟಡಕ್ಕೆ ಹಂಚುತ್ತಿದ್ದರು. ಒಣಗಿದ ಪರದೆಯೊಳಗೆ ನಮ್ಮನ್ನೆಲ್ಲ ಕೂಡಿಸಿಕೊಂಡು ಕಾಕು ಅಲ್ಲಿನ ಹಾಡು ಹೇಳಿಕೊಡುತ್ತಿದ್ದರು.

ಅಲ್ಲಿಂದ ಮರಳಿದ ಮೇಲೂ ತಿಂಗಳೊಪ್ಪತ್ತು ಮಲೇರಿಯಾ ತಡೆಯುವ ಗುಳಿಗೆ ನುಂಗಬೇಕಂತೆ. ಆ ಸಲ ಕಾಕು ಮುಂದಿಟ್ಟ ಗುಳಿಗೆಯನ್ನು ಕಾಕಾ ಪಕ್ಕಕ್ಕೆ ಸರಿಸಿದರು.

“ಮನೀಗೆ ಬಂದೇವಲ್ಲ, ಇನ್ಯಾಕ? ಭಾಳ ಕಹಿ ಅದ.”

ಕಾಕು ಒತ್ತಾಯ ಮಾಡಲಿಲ್ಲ.

ಕೆಲವೇ ದಿನಗಳಲ್ಲಿ ಕಾಕಾಗೆ ಜ್ವರ ಬಂದಾಗ ಮಳೆಯಲ್ಲಿ ನೆನೆದದ್ದಕ್ಕೆ ಎಂದುಕೊಂಡರು. ಆಸ್ಪತ್ರೆ ಸೇರುವಷ್ಟರಲ್ಲಿ ಕಾಕಾಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ನಮ್ಮವ್ವನ ಕೈ ಹಿಡಿದು ಮಲಾವಿಯ ಭಾಷೆಯಲ್ಲಿ ಅದೇನೋ ಮತ್ತೆ ಮತ್ತೆ ಹೇಳುತ್ತಿದ್ದರು.

“ಏನಂತಾರ್ರಿ?” ಎಂದು ಅವ್ವ ಕೇಳಿದಳು.

ಕಾಕು ಗೋಡೆಯತ್ತ ತಿರುಗಿ ನಿಂತರು. “ಗುಳಿಗಿ ನಡುವ ಬಿಡಬ್ಯಾಡ್ರಿ ಅಂತ ಹಳ್ಳಿ ಮಂದೀಗೆ ಹೇಳ್ಲಿಕ್ಕತ್ತಾರ.”

ಕಾಕಾ ಉಳಿಯಲಿಲ್ಲ. ಕ್ರಿಯಾಕರ್ಮ ಮುಗಿಸಿ ಕಾಕು ಒಬ್ಬರೇ ಮಲಾವಿಗೆ ಹೋದರು. ಪುಣೆಗೆ ಮತ್ತೆ ಬರಲಿಲ್ಲ.

ಅಂಗಡಿಯವನು ಪರದೆ ಮಡಚುತ್ತ, ಪ್ರವಾಸಕ್ಕೋ ಮನೆಗೋ ಎಂದು ಮರಾಠಿಯಲ್ಲಿ ಕೇಳಿದ.

“ಮನೆಗೇ” ಎಂದೆ.