ಸುರ್ರಕ್ಕ ಹಾಕದ ಸಹಿ

ನನ್ನ ಗೆಳತಿ ತೀರಿಕೊಂಡ ಮೂರನೆಯ ದಿನ ಅವಳ ಭಾವ ನನ್ನೆದುರು ಕುರ್ಚಿ ಎಳೆದುಕೊಂಡು ಕೂತು, "ದಿನಕ್ಕೆ ಇನ್ನೂರು ಕಪ್ ಚಹಾ ಬಾಯಿಗೆ ಹಾಕಿದವಳು. ಅದು ಅಷ್ಟು ಒಳ್ಳೇದಾಗಿದ್ರೆ ಐವತ್ತೇಳಕ್ಕೇ ಹೋಗ್ತಿದ್ಲಾ?" ಎಂದರು.

"ಆರೋಗ್ಯ ಕೊಡ್ತೀನಿ ಅಂತ ಚಹಾ ಯಾವತ್ತೂ ಹೇಳಿರ್ಲಿಲ್ಲ ಭಾವ," ಎಂದೆ. "ಹೇಳಿದ್ದು ನಾನು."

ಅದು ಸುಳ್ಳಲ್ಲ. ನಾವಿಬ್ಬರೂ ಕೆಲಸ ಮಾಡಿದ್ದು ಒಂದೇ ಚಹಾ ಕಂಪನಿಯಲ್ಲಿ. ಪ್ಯಾಕೆಟ್ಟಿನ ಮೇಲಿನ ಮಾತು ಬರೆಯುವುದು ನನ್ನ ಕೆಲಸ. ರುಚಿ ನೋಡುವುದು ಅವಳದು. ಉದ್ದನೆಯ ಮೇಜಿನ ಮೇಲೆ ಬಿಳಿ ಕಪ್‌ಗಳ ಸಾಲು. ಪ್ರತಿಯೊಂದಕ್ಕೂ ತೂಗಿ ಹಾಕಿದ ಚಹಾ ಸೊಪ್ಪು, ಕುದಿನೀರು, ಆರು ನಿಮಿಷ. ಆಮೇಲೆ ಅವಳು ಚಮಚದಿಂದ ಸುರ್ರನೆ ಎಳೆದು, ಒಂದು ಕ್ಷಣ ಬಾಯಲ್ಲಿ ಆಡಿಸಿ, ಪೀಕದಾನಿಗೆ ಉಗುಳುತ್ತಿದ್ದಳು. ಆ ಸದ್ದು ಮೂರು ಕೋಣೆ ದಾಟಿ ಕೇಳುತ್ತಿತ್ತು. ಹಾಗಾಗಿ ಎಲ್ಲರಿಗೂ ಅವಳು ಸುರ್ರಕ್ಕ.

ನಮ್ಮಲ್ಲೊಂದು ಕ್ರಮವಿತ್ತು. ಮಾರುಕಟ್ಟೆಗೆ ಹೊರಡುವ ಪ್ರತಿ ಸರಕಿಗೂ ಒಂದು ಹಾಳೆ. ಅದಕ್ಕೆ ಒಂದು ಖಾಲಿ ಪ್ಯಾಕೆಟ್ಟನ್ನು ಪಿನ್ ಮಾಡಿ, ಕೆಳಗೆ ರುಚಿಗಾರರು ಸಹಿ ಹಾಕಬೇಕು. ಸಹಿ ಹಾಕುವಾಗ ಪ್ಯಾಕೆಟ್ಟನ್ನು ಯಾರೂ ಓದುತ್ತಿರಲಿಲ್ಲ. ಅವಳೂ ಓದುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಮಾಲೀಕರು ಹೊಸ ಮಾತು ಕೇಳಿದರು. ನಾನು ಬರೆದೆ: ಕಪ್ಪು ಚಹಾ ರಕ್ತ ಹೆಚ್ಚಿಸುತ್ತದೆ, ಹಸಿರು ಚಹಾ ಕೊಬ್ಬು ಕರಗಿಸುತ್ತದೆ, ಹೂವಿನ ಚಹಾ ಚಿಂತೆ ಕಳೆಯುತ್ತದೆ. ಬರೆಯಲು ಇಪ್ಪತ್ತು ನಿಮಿಷ ಸಾಕಾಯಿತು.

ಆ ಹೊತ್ತಿಗೆ ಕಂಪನಿಯ ಡಾಕ್ಟರು ಪ್ಯಾಕಿಂಗ್ ಹೆಂಗಸರ ರಕ್ತ ಪರೀಕ್ಷೆ ಮಾಡಿಸಿ, ಅರ್ಧಕ್ಕಿಂತ ಹೆಚ್ಚು ಜನರಿಗೆ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಆರು ತಿಂಗಳಾದರೂ ಯಾರ ರಕ್ತವೂ ಏರಲಿಲ್ಲ. ಸುರ್ರಕ್ಕನ ನಾದಿನಿಯೂ ಅವರಲ್ಲೊಬ್ಬಳು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಒಂದು ದಿನ ಅವಳು ಕಂಪನಿಯ ಪುಕ್ಕಟೆ ಚಹಾದ ಜೊತೆ ಮಾತ್ರೆ ನುಂಗುತ್ತಿದ್ದುದು ಸುರ್ರಕ್ಕನ ಕಣ್ಣಿಗೆ ಬಿತ್ತು.

"ನೀರಿಗೆ ಬರ ಬಂದಿದೆಯೇನೇ?"

"ಅಯ್ಯೋ ಅತ್ತಿಗೆ, ಪ್ಯಾಕೆಟ್ ಮೇಲೇ ಇದೆಯಲ್ಲ, ರಕ್ತ ಹೆಚ್ಚುತ್ತೆ ಅಂತ. ಮಾತ್ರೆನೂ ಚಹಾನೂ ಸೇರಿದ್ರೆ ಡಬಲ್. ನಾವೆಲ್ಲ ಹೀಗೇ ನುಂಗೋದು."

ಸುರ್ರಕ್ಕ ಸೀದಾ ಡಾಕ್ಟರ ಬಳಿ ಹೋದಳು. ಅವರು ತಲೆ ಚಚ್ಚಿಕೊಂಡರು. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ; ಮಾತ್ರೆ, ಊಟ ಎರಡರಿಂದಲೂ ಚಹಾಕ್ಕೆ ಗಂಟೆಯಾದರೂ ಅಂತರ ಬೇಕು ಎಂದರು.

ಮರುದಿನದ ಹಾಳೆಗೆ ಅವಳು ಸಹಿ ಹಾಕಲಿಲ್ಲ. "ರುಚಿ ಸರಿ, ಮಾತು ಸರಿಯಿಲ್ಲ" ಎಂದು ಬರೆದು ಹಿಂದೆ ಕಳಿಸಿದಳು. ಮೂರು ಸಲ ಹೋದ ಹಾಳೆ ಮೂರು ಸಲವೂ ಹಾಗೆಯೇ ಬಂತು. ಕೊನೆಗೆ ಮಾಲೀಕರೇ ಮೇಜಿನ ಬಳಿ ಬಂದರು.

"ನೋಡಮ್ಮ, ಎಲ್ಲ ಕಂಪನಿಯವರೂ ಹೀಗೇ ಬರೀತಾರೆ."

"ಬರ್ಕೊಳ್ಳಲಿ ಸಾರ್. ಅವರ ಹಾಳೆಗೆ ನಾನು ಸಹಿ ಹಾಕಲ್ಲವಲ್ಲ."

"ಚಹಾ ಒಳ್ಳೇದಲ್ಲ ಅಂತೀಯ?"

"ಯಾರಂದ್ರು? ದಣಿದವರನ್ನ ಎದ್ದು ಕೂರಿಸುತ್ತೆ. ಶುಂಠಿ ಹಾಕಿದ್ರೆ ಹೊಟ್ಟೆ ತೊಳಸೋದು ತಗ್ಗುತ್ತೆ. ಸಕ್ಕರೆ ಪಾನಕ ಬಿಟ್ಟು ಹಸಿರು ಚಹಾ ಕುಡಿದ್ರೆ ಅಷ್ಟರ ಮಟ್ಟಿಗೆ ಲಾಭಾನೇ. ಇಷ್ಟು ಸಾಲದಾ? ಅದರ ತಲೆ ಮೇಲೆ ಡಾಕ್ಟರ ಟೋಪಿ ಯಾಕೆ ಇಡ್ತೀರ?"

"ಬೇರೆ ರುಚಿಗಾರರು ಸಿಗ್ತಾರೆ."

"ಹುಡುಕಿ ಸಾರ್. ಬಾಯಿ ಸಿಗುತ್ತೆ."

ಸಿಕ್ಕಿತು. ಹೊಸಬರು ಸಹಿ ಹಾಕಿದರು; ಸುರ್ರಕ್ಕನನ್ನು ಮಾಲೀಕರು ಗೋದಾಮಿನಲ್ಲಿ ಮೂಟೆ ಎಣಿಸಲು ಹಾಕಿದರು. ಇಪ್ಪತ್ತೆಂಟು ವರ್ಷದ ನಾಲಿಗೆಗೆ ದೂಳು. ರಾಜೀನಾಮೆ ಬಿಸಾಕಿ ಬಾ ಎಂದೆ. ಬೈದಳು.

"ಬಿಟ್ರೆ ನನ್ನನ್ನ ಗೇಟೊಳಗೆ ಬಿಡ್ತಾರೇನೇ? ಮಾತ್ರೆ ನುಂಗೋರು ಒಳಗಿದ್ದಾರೆ. ಮೊದಲು ನೀನು ಬರೆದದ್ದನ್ನ ನೀನು ಓದು."

ನನ್ನ ಮೇಲೆ ಅವಳಾಡಿದ ಕಠಿಣ ಮಾತು ಅದೊಂದೇ. ನಾನು ಓದಿದೆ. ಆದರೂ ತೆಪ್ಪಗಿದ್ದೆ.

ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಚಹಾದ ಡ್ರಮ್ಮಿನ ಪಕ್ಕ ನೀರಿನ ಜಗ್ ಹಿಡಿದು ನಿಂತಳು. "ಬಾಯಿ ತೆಗಿ. ನುಂಗು. ಚಹಾ ಆಮೇಲೆ." ಮೇಲ್ವಿಚಾರಕ ಗದರಿದರೆ ಅವನಿಗೂ ಒಂದು ಲೋಟ ನೀರು. ನಾಲ್ಕು ತಿಂಗಳಿಗೆ ಹೆಚ್ಚಿನವರ ರಕ್ತ ಏರಿತು. ನಾದಿನಿ ನಿಲ್ಲದೆ ಮೂರು ಮಹಡಿ ಹತ್ತಿದಳು. ಪ್ಯಾಕೆಟ್ ಮಾತ್ರ ಬದಲಾಗಲಿಲ್ಲ. ಹೋದ ತಿಂಗಳು ಗೋದಾಮಿನಲ್ಲೇ ಸುರ್ರಕ್ಕನ ಹೃದಯ ನಿಲ್ಲುವವರೆಗೂ ಬದಲಾಗಲಿಲ್ಲ.

ಈಗ ಪ್ಯಾಕೆಟ್ಟಿಗೆ ಹೊಸ ಬಣ್ಣವಂತೆ. ಮಾತು ಕೊಡಿ ಎಂದು ಮಾಲೀಕರು ಕೇಳಿದರು. ಕೊಟ್ಟಿದ್ದೇನೆ: "ಬಿಸಿಯಾಗಿ ಕುಡಿಯಿರಿ. ಊಟದ ಜೊತೆ ಬೇಡ. ಕಬ್ಬಿಣದ ಮಾತ್ರೆ ನುಂಗುವವರು ಗಂಟೆ ಬಿಟ್ಟು ಕುಡಿಯಿರಿ. ಇದು ಚಹಾ, ಔಷಧವಲ್ಲ."

ಎರಡು ಸಲ ಹಿಂದೆ ಕಳಿಸಿದ್ದಾರೆ. ಒಂದಕ್ಷರವನ್ನೂ ತಿದ್ದದೆ ಮೂರನೆಯ ಸಲ ಇವತ್ತು ಅವರ ಮೇಜಿನ ಮೇಲಿಟ್ಟು ಬಂದಿದ್ದೇನೆ.