ಮೇಸ್ತ್ರಿ ನಿಂತಿದ್ದ ಜಾಗ

ನಮ್ಮ ಮೇಸ್ತ್ರಿಯ ಬಲಗೈ ಬೆರಳ ತುದಿಗಳಲ್ಲಿ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯುತ್ತಿತ್ತು. ಬಿಸಿ ತಾಗಿದರೆ ಉರಿ ಉರಿ ಎಂದು ಮುದ್ದೆಯನ್ನೂ ಚಮಚದಲ್ಲಿ ಮುರಿಯುತ್ತಿದ್ದರು. ನಮ್ಮ ಮಂಡ್ಯದ ಕಡೆಯ ಗಂಡಸು ಮುದ್ದೆಗೆ ಚಮಚ ಹಾಕಿದರೆ ಯಾರು ಸುಮ್ಮನಿರುತ್ತಾರೆ? ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅಯ್ಯೋ, ಆಗ ಏನು ಗೊತ್ತಿತ್ತು ನಮಗೆ.

ಮದ್ದೂರಿನ ಹತ್ತಿರ ಒಂದು ಎರಕದ ಕಾರ್ಖಾನೆ. ಎರಕ ಹೊಯ್ದ ಕಬ್ಬಿಣದೊಳಗೆ ಬಿರುಕಿದೆಯೇ ಎಂದು ಎಕ್ಸ್‌ರೇ ತೆಗೆದ ಹಾಗೆ ಫೋಟೋ ತೆಗೆಯುವುದು ಮೇಸ್ತ್ರಿಯ ಕೆಲಸ, ಆ ಫಿಲ್ಮು ತೊಳೆಯುವುದು ನನ್ನದು. ಕಿರಣ ಬರುತ್ತಿದ್ದದ್ದು ಒಂದು ಸೀಸದ ಪೆಟ್ಟಿಗೆಯಿಂದ. ಆ ಕಿರಣ ಮೈಗೆಷ್ಟು ತಾಗಿತೆಂದು ತಿಳಿಯಲು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು ಕೊಟ್ಟಿದ್ದರು. ಮೇಸ್ತ್ರಿಗೆ ಅದರ ಮೇಲೆ ಎಲ್ಲಿಲ್ಲದ ಭಕ್ತಿ. "ಮಸಿ ಅಂಟ್ಕಂಡ್ರೆ ಏನ್ ಗತಿ? ತಗಿ ಇತ್ಲಾಗೆ" ಎಂದು ಎಲ್ಲರದ್ದೂ ಬಿಚ್ಚಿಸಿ, ಆಫೀಸಿನ ದೇವರ ಪಟದ ಮೊಳೆಗೆ ತೂಗುಹಾಕುತ್ತಿದ್ದರು. ಆಯುಧಪೂಜೆಯಲ್ಲಿ ಅವಕ್ಕೂ ಕುಂಕುಮ!

ಹೋದ ವರ್ಷ ಮಂಡ್ಯದ ಆಸ್ಪತ್ರೆಯಲ್ಲಿ ಮೇಸ್ತ್ರಿಗೆ ರಕ್ತದ ಕಾಯಿಲೆ ಎಂದರು. ಆ ಕಿರಣದಿಂದಲೇ ಇರಬಹುದಂತೆ. ಅಂದಿನಿಂದ ನನಗೆ ಕನ್ನಡಿ ಮುಂದೆ ನಿಂತು ಕತ್ತು ಒತ್ತಿ ಒತ್ತಿ ಗಂಟು ಹುಡುಕುವುದೇ ಕೆಲಸವಾಯಿತು. ಬಾಚಣಿಗೆಯಲ್ಲಿ ಕೂದಲು ಕಂಡರೆ ಸಾಕು, ಒಂದೊಂದಾಗಿ ಎಣಿಸುತ್ತಿದ್ದೆ.

ನಮಗೆಲ್ಲ ಹಿಂದೆ ಎಷ್ಟು ತಾಗಿರಬಹುದೆಂದು ಅಂದಾಜು ಮಾಡಲು ಒಬ್ಬ ಡಾಕ್ಟರಮ್ಮ ಬಂದರು. ಬ್ಯಾಡ್ಜುಗಳ ಪ್ರಕಾರ ಯಾರಿಗೂ ಏನೂ ಆಗಿಲ್ಲ. ಪಟದ ವಿಷಯ ಕೇಳಿ ಅವರು ಹಣೆ ಒತ್ತಿಕೊಂಡರು. "ಗೋಡೆಗೆ ತಾಗಿದ್ದು ಇದರಲ್ಲಿದೆ ಅಷ್ಟೇ. ಯಾರು ಎಲ್ಲಿ ನಿಲ್ಲುತ್ತಿದ್ದಿರಿ ತೋರಿಸಿ, ಅಳೆದು ಲೆಕ್ಕ ಹಾಕೋಣ."

ಮೇಸ್ತ್ರಿ ಆಸ್ಪತ್ರೆಯಿಂದ ಆಟೋದಲ್ಲಿ ಬಂದರು. ಬೇಡವೆಂದರೂ ಕೇಳಲಿಲ್ಲ. ಖಾಲಿ ಪೆಟ್ಟಿಗೆ ಇಟ್ಟು ಡಾಕ್ಟರಮ್ಮ ಟೇಪು ಹಿಡಿದರೆ, ಮೇಸ್ತ್ರಿ ಏದುಸಿರು ಬಿಡುತ್ತಾ ಅದರ ಪಕ್ಕದಲ್ಲೇ ನಿಂತರು. "ನಾ ಇಲ್ಲಿ. ಈಯಮ್ಮ ಆ ಮರಳ್ ಗುಡ್ಡೆ ಇಂದ್ಗಡೆ" ಎಂದು ನನ್ನ ಕಡೆ ಕೈ ತೋರಿಸಿದರು.

"ಇವರು ಯಾವಾಗಲೂ ಅಲ್ಲೇನಾ? ಯಾಕೆ?"

ಮೇಸ್ತ್ರಿ ನಾಚಿ ನೆಲ ನೋಡಿದರು. "ಪೋಟೋ ಆಗಗಂಟ ಬೀಡಿ ಸೇದ್ತಿದ್ದೆ. ಎಣ್ಮಗಿನ ಮುಂದ್ಗಡೆ ಎಂಗ್ ಸೇದದು? ಅದ್ಕೇ ಬೈದು ಅತ್ಲಾಗ್ ಕಳುಸ್ತಿದ್ದೆ."

ನನ್ನನ್ನು ಕಂಡರಾಗದು, ಅದಕ್ಕೇ ಬೈಯುತ್ತಾರೆ ಎಂದುಕೊಂಡು ನಾನು ಅಷ್ಟು ವರ್ಷ ಮುಖ ಊದಿಸಿಕೊಂಡಿದ್ದೆ. ಆ ಮನುಷ್ಯನಿಗೆ ನಾಚಿಕೆ ಇರದಿದ್ದರೆ? ನಾನೂ ಆ ಪೆಟ್ಟಿಗೆ ಪಕ್ಕದಲ್ಲೇ ನಿಂತಿರುತ್ತಿದ್ದೆ.

ಲೆಕ್ಕ ಬಂದ ದಿನ ಡಾಕ್ಟರಮ್ಮ ನನಗೆ, "ನಿಮ್ಮದು ಕಡಿಮೆ, ಮರಳು ತಡೆದಿದೆ, ಹೆದರಬೇಡಿ" ಎಂದರು. "ಮೇಸ್ತ್ರಿದು?" ಎಂದು ಕೇಳಿದೆ. ಬಾಗಿಲು ಮುಂದೆ ಮಾಡಿ ಬಂದು, ಹೇಳಿದರು.

ಸೀದಾ ಆಸ್ಪತ್ರೆಗೆ ಹೋದೆ. "ನಂದು ಕಮ್ಮಿಯಂತೆ ಮೇಸ್ತ್ರಿ" ಎಂದೆ.

"ಬುಡು, ಸದ್ಯ" ಎಂದು ಅವರ ಮುಖ ಅರಳಿತು. ಆಮೇಲೆ ಆ ಸುಲಿದ ಬೆರಳುಗಳಿಂದ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. "ನಂದು ಗೊತ್ತಾಗಿದ್ರೆ ಏಳ್ಬ್ಯಾಡ ಕಣಮ್ಮ. ಬೋ ಭಯ ಆಯ್ತದೆ ನಂಗೆ."

"ಇನ್ನೂ ಬಂದಿಲ್ಲ ಮೇಸ್ತ್ರಿ" ಎಂದೆ. ಅವರು ಕೈ ಬಿಡಲಿಲ್ಲ. ಆ ವಾರವೇ ಹೋದರು.